ಎರಡೂ ಭುಜ ನೆಲಕ್ಕೆ

ಮಾರ್ಚ್ ೩, ಸೋಮವಾರ

ಕತ್ತಿನ ಡಾಕ್ಟರು ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ದಿನಾ ಬರೆದಿಡಲು ಹೇಳಿದ್ದಾರೆ. ಇವಳು ಅದಕ್ಕೆಂದೇ ಈ ಪುಸ್ತಕ ತಂದುಕೊಟ್ಟಳು. ನೋವಿನ ವರದಿ ಒಪ್ಪಿಸುವ ತಾಳ್ಮೆ ನನಗಿಲ್ಲ. ಕತ್ತು ಎಂದಿನಂತಿದೆ, ಅಂದರೆ ನೋಯುತ್ತಿದೆ. ಅಲ್ಲಿಗೆ ಅದರ ಕಥೆ ಮುಗಿಯಿತು. ನನಗೆ ಬೇರೆ ವಿಷಯವಿದೆ.

ಇವತ್ತು ನಾನು ಕೆಲಸ ಮಾಡುವ ಹಾಸಿಗೆ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಗಿರಾಕಿ ಇರಬೇಕೆಂದುಕೊಂಡು ನನ್ನ ಮಾಮೂಲಿ ಸರ್ಕಸ್ ತೋರಿಸಿದೆ. ಗಲ್ಲವನ್ನು ಎದೆಗೆ ಒತ್ತಿ, ಕೈ ಎರಡೂ ಚಾಚಿ, ನಿಂತಲ್ಲಿಂದ ಹಾಗೇ ಹಿಂದಕ್ಕೆ ಹಾಸಿಗೆಯ ಮೇಲೆ ಬೀಳುವುದು. ಹಾಸಿಗೆ ಎಷ್ಟು ಮೆತ್ತಗಿದೆ ಅಂತ ಬಾಯಲ್ಲಿ ಹೇಳುವ ಕಷ್ಟವೇ ಇಲ್ಲ. ಅವಳು ಚಪ್ಪಾಳೆ ತಟ್ಟಿ, "ಚಾಪೆ ಅಂದ್ರೆ ನೀವೇ ಅಲ್ವಾ ಸರ್?" ಅಂದಳು.

ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು! ಟೀವಿ ಕುಸ್ತಿಯಲ್ಲಿ ನನಗೆ ಸೋಲುವ ಕೆಲಸ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ಆಫೀಸಿನಲ್ಲಿ ತೀರ್ಮಾನವಾಗಿರುತ್ತದೆ. ಗೆಲ್ಲುವವನು ದೊಡ್ಡವನಾಗಿ ಕಾಣಬೇಕಾದರೆ ಎದುರಿಗಿರುವವನು ಚೆನ್ನಾಗಿ ಸೋಲಬೇಕು. ನನ್ನಷ್ಟು ಚೆನ್ನಾಗಿ ಸೋಲುವವರು ಇನ್ನೊಬ್ಬರಿರಲಿಲ್ಲ. ಬಂದವರೆಲ್ಲ ನನ್ನನ್ನು ಹಾಸಿ ಮಲಗಿಸುತ್ತಿದ್ದರು, ಅದಕ್ಕೇ ಚಾಪೆ.

ಹುಡುಗಿ ಕೆಲಸ ಮಾಡುವ ಕಂಪನಿಯಲ್ಲಿ ಕಂಪ್ಯೂಟರಿನೊಳಗೆ ಕುಸ್ತಿ ಆಡಿಸುತ್ತಾರಂತೆ. ಅಂದಿನ ಪೈಲ್ವಾನ್ ಕೊಡಲಿಗೂ ಇಂದಿನ ಪೈಲ್ವಾನ್ ಪಾದರಸನಿಗೂ ಪಂದ್ಯ. "ಇಬ್ಬರಲ್ಲಿ ಯಾರು ದೊಡ್ಡವರು ಅಂತ ಜನ ದಿನಬೆಳಗಾದ್ರೆ ಜಗಳ ಆಡ್ತಾರೆ ಸರ್. ನಾವು ಆಡಿಸಿಯೇ ತೋರಿಸ್ತೀವಿ." ಪಾದರಸ ಬದುಕಿದ್ದಾನೆ, ಅವನೇ ಬಂದು ಆಡುತ್ತಾನೆ. ಕೊಡಲಿ ಸತ್ತು ಎಷ್ಟೋ ವರ್ಷವಾಗಿದೆ. ಇರುವ ಹಳೆಯ ಫಿಲ್ಮುಗಳಲ್ಲಿ ಅವನ ಮುಖ ಯಾವುದು, ಮೊಣಕಾಲು ಯಾವುದು ಎಂದೇ ತಿಳಿಯುವುದಿಲ್ಲ. ಅವನು ಹೇಗೆ ನಡೆಯುತ್ತಿದ್ದ, ಹೇಗೆ ತಿರುಗುತ್ತಿದ್ದ ಎಂದು ಮೈಯಲ್ಲಿ ನೆನಪಿರುವ ಒಬ್ಬರು ಬೇಕು.

"ನಾನು ಅವನನ್ನ ನೋಡಿದ್ದೆಲ್ಲ ಕೆಳಗಿನಿಂದಮ್ಮಾ" ಅಂದೆ.

"ಅದೇ ಬೇಕಾಗಿರೋದು ಸರ್."

ಯಾರೋ ನನ್ನನ್ನು ಹುಡುಕಿಕೊಂಡು ಬಂದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಇವಳಿಗೆ ಹೇಳಿದೆ. ಇವಳ ಎಡಗಣ್ಣು ಚಿಕ್ಕಂದಿನಲ್ಲೇ ಕೋಲು ತಗುಲಿ ಹೋಗಿದೆ. ಬಲಗಣ್ಣಿನಲ್ಲೇ ಇಷ್ಟು ವರ್ಷ ಸಂಸಾರ ನಡೆಸಿದಳು. ಈಗ ಅದಕ್ಕೂ ಮಂಜು ಕವಿದಿದೆ. ಮುಂದಿನ ತಿಂಗಳು ನಾಲ್ಕಕ್ಕೆ ಆಪರೇಷನ್. ಸರಿಹೋದರೆ ಬೆಳಕು, ಕೆಟ್ಟರೆ ಎರಡೂ ಕಣ್ಣು ಇಲ್ಲ. ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೆದರಿದ್ದಾಳೆ. ನಾನೂ ಹೆದರಿದ್ದೇನೆ.

"ಹೋಗಿ ರೀ, ಮಾಡಿ. ಆದ್ರೆ ಆ ದಿನ ನನ್ನ ಪಕ್ಕದಲ್ಲಿರಬೇಕು. ಪಟ್ಟಿ ಕಟ್ಟಿದ ಮೇಲೆ ನಂಗೆ ಪೂರ್ತಿ ಕತ್ತಲೆ. ಕೈ ಹಿಡ್ಕೊಂಡಿರಿ, ಅಷ್ಟು ಸಾಕು."

ಕೈ ಅಂದರೆ ನಮ್ಮ ಮನೆಯಲ್ಲಿ ಬೇರೆಯೇ ಲೆಕ್ಕ. ರಿಂಗಿನಲ್ಲಿ ಒಬ್ಬ ಜೋರಾಗಿ ಬಿದ್ದರೆ ಇನ್ನೊಬ್ಬ ಯಾರಿಗೂ ಕಾಣದಂತೆ ಅವನ ಕೈ ಒಂದು ಸಲ ಅಮುಕುತ್ತಾನೆ: ಚೆನ್ನಾಗಿದ್ದೀಯಾ? ಬಿದ್ದವನು ಒಂದು ಸಲ ತಿರುಗಿ ಅಮುಕಬೇಕು: ಚೆನ್ನಾಗಿದ್ದೀನಿ. ಮದುವೆಯಾದ ಹೊಸತರಲ್ಲಿ ಇದನ್ನು ಇವಳಿಗೆ ಹೇಳಿಕೊಟ್ಟೆ. ಅವತ್ತಿನಿಂದ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ನೆಂಟರ ಮನೆಯ ಬೇಸರದ ಊಟದಲ್ಲಿ, ಎಲ್ಲ ಕಡೆ ಅವಳದೊಂದು, ನನ್ನದೊಂದು. ಆ ಮಾತು ಮುಗಿದ ಮೇಲೆ ಇವತ್ತೂ ಅಮುಕಿದಳು. ನಾನೂ ಅಮುಕಿದೆ.

ಮಾರ್ಚ್ ೧೦, ಸೋಮವಾರ

ಗೋದಾಮಿನಂಥ ಹಾಲ್. ಸುತ್ತಲೂ ಗೋಡೆಯ ಮೇಲೆ ಕ್ಯಾಮೆರಾಗಳು. ನಡುವೆ ಒಂದು ರಿಂಗ್. ನನಗೆ ಮೈಗಂಟುವ ಕಪ್ಪು ಸೂಟು ತೊಡಿಸಿದರು, ಕೀಲುಕೀಲಿಗೂ ಬಿಳಿ ಗುಂಡು ಅಂಟಿಸಿದ್ದು. ಕನ್ನಡಿಯಲ್ಲಿ ನೋಡಿಕೊಂಡೆ. ಹೊಟ್ಟೆಯನ್ನು ಅದರೊಳಗೆ ತುರುಕಿದ್ದೇ ಒಂದು ಕುಸ್ತಿ.

ಕ್ಯಾಮೆರಾಗಳಿಗೆ ನಾನು ಕಾಣುವುದಿಲ್ಲವಂತೆ, ಬರೀ ಗುಂಡುಗಳು ಕಾಣುತ್ತವೆ. ಪರದೆಯ ಮೇಲೆ ಕತ್ತಲಲ್ಲಿ ಒಂದು ಹಿಡಿ ಚುಕ್ಕಿ ನಡೆದಾಡುತ್ತವೆ. ಹುಡುಗಿ ಅವನ್ನು ಗೆರೆ ಎಳೆದು ಮೂಳೆ ಮಾಡುತ್ತಾಳೆ. ಮೂಳೆಯ ಮೇಲೆ ಹಳೆಯ ಫೋಟೋಗಳಿಂದ ತೆಗೆದ ಕೊಡಲಿಯ ಮೈ ಹೊದಿಸುತ್ತಾಳೆ.

ಮೊದಲ ದಿನ ನಗೆಪಾಟಲು. ಅಭ್ಯಾಸಕ್ಕೆಂದು ಎದುರಿಗೆ ನಿಂತವನು ಸುಮ್ಮನೆ ಕೈ ಎತ್ತಿದ, ಇನ್ನೂ ಹೊಡೆದೇ ಇಲ್ಲ, ನಾನು ಬಿದ್ದೆ. ಪರದೆಯ ಮೇಲೆ ಕೊಡಲಿಯಂಥ ಕೊಡಲಿ ಚಾಪೆಯ ಹಾಗೆ ಹರಡಿಕೊಂಡಿದ್ದ.

"ಸರ್, ಕೊಡಲಿ ಅವರು ಬೀಳ್ತಿರಲಿಲ್ಲ ಅಲ್ವಾ?"

"ಗೊತ್ತಮ್ಮಾ. ಮೈಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಇವಳಿಗೆ ಮಾಡಿ ತೋರಿಸಿದೆ. ಬಿದ್ದ ಸದ್ದು ಕೇಳಿ, "ಇದೇ ನಮ್ಮವರು!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರ್ಚ್ ೧೪, ಶುಕ್ರವಾರ

ಕೊಡಲಿಯ ಬಗ್ಗೆ ನೆನಪಾದದ್ದನ್ನೆಲ್ಲ ಹುಡುಗಿಗೆ ಹೇಳುತ್ತಾ ಹೋದೆ. ಆಳು ಎತ್ತರ. ಬಲ ಹಿಮ್ಮಡಿಯನ್ನು ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದ್ದ, ಸೋಮಾರಿತನ ಅನ್ನಬೇಕು ಹಾಗೆ. ಬಾಯಲ್ಲಿ ಯಾವಾಗಲೂ ಲವಂಗ. ವಯಸ್ಸಾದ ರೆಫ್ರಿಯಿಂದ ಹಿಡಿದು ಚಾನೆಲ್ ಮಾಲೀಕರವರೆಗೆ ಎಲ್ಲರನ್ನೂ "ಮರಿ" ಅನ್ನುತ್ತಿದ್ದ. ಕೈ ಅಮುಕಿದರೆ ತಿರುಗಿ ಅಮುಕುತ್ತಿರಲಿಲ್ಲ. ಹೆಬ್ಬೆರಳಿನಿಂದ ಮಣಿಕಟ್ಟಿನ ಒಳಗೆ ಎರಡು ಸಲ ಒತ್ತುತ್ತಿದ್ದ, ಹಣ್ಣು ಮಾಗಿದೆಯೋ ಇಲ್ಲವೋ ನೋಡುವವರ ಹಾಗೆ. ಚೆನ್ನಾಗಿದ್ದೀನಿ ಎಂದು ಯಾರಿಗೂ ಒಪ್ಪಿಸಬೇಕಿಲ್ಲ ಅನ್ನುವ ಜಂಬ.

ಇನ್ನೊಂದಿದೆ. ಅವನು ಅಂಗಾತ ಮಲಗುತ್ತಿರಲಿಲ್ಲ. ಪ್ರವಾಸದಲ್ಲಿ ಒಂದೇ ಕೋಣೆಯಲ್ಲಿದ್ದಾಗ ಕಂಡಿದ್ದೇನೆ, ಗೋಡೆಗೆ ಮುಖ ಮಾಡಿ ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದ. ಯಾಕೆ ಅಂತ ಕೇಳಿದ್ದಕ್ಕೆ, "ಎರಡೂ ಭುಜ ನೆಲಕ್ಕೆ ಮುಟ್ಟಿದ್ರೆ ಯಾರೋ ಎಣಿಸೋಕೆ ಶುರು ಮಾಡ್ತಾರೆ ಮರಿ" ಅಂದಿದ್ದ. ಮೂರು ಎಣಿಸುವವರೆಗೆ ಎರಡೂ ಭುಜ ನೆಲದಲ್ಲಿದ್ದರೆ ಸೋಲು. ರಿಂಗಿನಲ್ಲಿ ಅವನ ಭುಜಗಳು ಒಮ್ಮೆಯೂ ಅಷ್ಟು ಹೊತ್ತು ಕೆಳಗಿರಲಿಲ್ಲ. ಆಫೀಸಿನವರು ಸೋಲು ಅಂದರೂ ಒಪ್ಪುತ್ತಿರಲಿಲ್ಲ. ಕೊನೆಗೆ ಹಾಸಿಗೆಯಲ್ಲಿ ಸತ್ತು ಸಿಕ್ಕಾಗ ಅಂಗಾತ ಮಲಗಿದ್ದನಂತೆ, ಎರಡೂ ಭುಜ ಕೆಳಗೆ, ಕಣ್ಣು ತೆರೆದುಕೊಂಡು. ನಿದ್ದೆಯಲ್ಲಿ ಹೊರಳಿರಬೇಕು.

ಇದನ್ನು ಹೇಳಿ ಮುಗಿಸಿ ರಿಂಗಿಗೆ ಹತ್ತಿದೆ. ಬಲ ಹಿಮ್ಮಡಿ ತಾನಾಗಿಯೇ ನೆಲ ಉಜ್ಜಿತು. ಎದುರಿಗಿದ್ದವನು ಹೊಡೆದ, ನಾನು ಬೀಳಲಿಲ್ಲ. ಎಲ್ಲರೂ ಪರದೆಯ ಕಡೆ ತಿರುಗಿದರು. ಹುಡುಗಿ ಮೆಲ್ಲಗೆ, "ಬಂದ್ರು" ಅಂದಳು.

ಮಾರ್ಚ್ ೧೫, ಶನಿವಾರ

ಕಲ್ಲಿನ ಹಾಗೆ ನಿದ್ದೆ. ಇವಳು ಬೆಳಿಗ್ಗೆ, "ಗೊರಕೆ ಎಲ್ಲಿ ಹೋಯ್ತು ರೀ ನಿಮ್ದು? ಗೋಡೆ ಕಡೆ ತಿರುಗಿ ಮಲಗಿದ್ರಿ, ಉಸಿರಿದ್ಯೋ ಇಲ್ವೋ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ದೆ" ಅಂದಳು. ಇಷ್ಟು ವರ್ಷ ಗೊರಕೆಗೆ ಬೈದವಳು ಈಗ ಗೊರಕೆ ಇಲ್ಲವೆಂದು ಬೈಯುತ್ತಾಳೆ.

ಕತ್ತು ನೋಯಲಿಲ್ಲ. ಡಾಕ್ಟರಿಗೆ ಬರೆದಿಟ್ಟಂತಾಯಿತು.

ಮಾರ್ಚ್ ೧೯, ಬುಧವಾರ

ಪಾದರಸ ಬಂದ. ಟೀವಿಯಲ್ಲಿ ನೋಡಿ ಅಹಂಕಾರಿ ಅಂದುಕೊಂಡಿದ್ದೆ. ಹಾಗೇನಿಲ್ಲ, ಕಾಲಿಗೆ ಬೀಳುವುದೊಂದು ಬಾಕಿ. ಸ್ಟೂಲಿನ ಮೇಲೆ ಕೂತು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ಪ್ರಶ್ನೆ ಮೇಲೆ ಪ್ರಶ್ನೆ.

"ಅಂಕಲ್, ಅವರ ಕಾಲದಲ್ಲಿ ನಿಜವಾಗ್ಲೂ ಹೊಡೀತಿದ್ರಾ?"

"ಎದೆ ಮೇಲೆ ಅಂಗೈ ಬಿದ್ರೆ ಐದೂ ಬೆರಳು ಒಂದು ವಾರ ಕಾಣೋದು."

"ನಾನು ಹಗ್ಗದ ಮೇಲಿಂದ ಎರಡು ಪಲ್ಟಿ ಹೊಡ್ದು ಬೀಳ್ತೀನಿ ಅಂಕಲ್. ಅವರ ಕೈಲಿ ಆಗ್ತಿತ್ತಾ?"

"ಇಲ್ಲ. ಅವನು ಹಾರ್ತಾ ಇರಲಿಲ್ಲ. ಒಂದು ಪಟ್ಟು ಹಾಕಿ ಕೂತ್ಕೊಂಡ್ರೆ ಜನ ಉಸಿರು ಬಿಗಿ ಹಿಡಿದು ನೋಡೋರು."

"ಈಗ ಹಾಗೆ ಕೂತ್ರೆ ಜನ ಚಾನೆಲ್ ಬದಲಾಯಿಸ್ತಾರೆ."

ನನಗೆ ನಗು ಬಂತು. ಹುಡುಗ ಹೇಳುವುದರಲ್ಲಿ ತಪ್ಪಿಲ್ಲ. ಅಂದು ಜನಕ್ಕೆ ಭಾರ ಬೇಕಿತ್ತು, ಇಂದು ವೇಗ ಬೇಕು. ಕೊಡಲಿ ಒಂದು ರಾತ್ರಿಗೆ ಒಂದೇ ಪೆಟ್ಟು ಕೊಟ್ಟು ಮನೆಗೆ ಹೋಗುತ್ತಿದ್ದ. ಈ ಹುಡುಗ ಒಂದು ಪಂದ್ಯಕ್ಕೆ ಮೈಯಲ್ಲಿರುವ ಮೂಳೆಯನ್ನೆಲ್ಲ ಅಡವಿಡುತ್ತಾನೆ. ಯಾರು ದೊಡ್ಡವರು ಎಂದರೆ ಏನು ಹೇಳುವುದು? ಇಬ್ಬರೂ ದೊಡ್ಡವರು, ಇಬ್ಬರ ಕೆಳಗೂ ಒಬ್ಬ ಚಾಪೆ ಬೇಕು.

ಆಡುವಾಗ ಒಮ್ಮೆ ಅವನು ನನ್ನ ಕೈ ಅಮುಕಿದ. ಈ ಪದ್ಧತಿ ಇನ್ನೂ ಉಳಿದಿದೆಯಲ್ಲ ಎಂದು ಸಂತೋಷವಾಯಿತು. ಆಮೇಲೆ ಅವನು ತನ್ನ ಮಣಿಕಟ್ಟು ಉಜ್ಜಿಕೊಳ್ಳುತ್ತಾ ನನ್ನನ್ನು ಒಂದು ಥರ ನೋಡುತ್ತಿದ್ದ. ಯಾಕೋ ಗೊತ್ತಾಗಲಿಲ್ಲ.

ಮಾರ್ಚ್ ೨೨, ಶನಿವಾರ

ಹುಡುಗಿ ತಲೆ ಕೆರೆದುಕೊಳ್ಳುತ್ತಿದ್ದಾಳೆ. ಮೊದಲ ವಾರ ಅಳೆದಾಗ ಇದ್ದದ್ದಕ್ಕಿಂತ ಪರದೆಯ ಮೇಲಿನ ಮೂಳೆ ನಾಲ್ಕು ಬೆರಳು ಉದ್ದವಾಗಿದೆಯಂತೆ. ಗುಂಡುಗಳು ಜಾರಿರಬೇಕೆಂದು ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಿದಳು. ಮತ್ತೆ ಅಷ್ಟೇ ಬಂತು. ಮಾತು ಬಂದದ್ದಕ್ಕೆ ನೆನಪಾಯಿತು, ನನ್ನ ಪ್ಯಾಂಟುಗಳೆಲ್ಲ ಗಿಡ್ಡವಾಗಿವೆ. ಇವಳಿಗೆ ಮಂಜುಗಣ್ಣಿನಲ್ಲಿ ಕಾಣದೆ ಬಿಸಿನೀರಿನಲ್ಲಿ ಒಗೆದುಬಿಟ್ಟಿದ್ದಾಳೆ, ಪಾಪ.

ಮಧ್ಯಾಹ್ನ ಸೂಟು ಕಳಚಿ ಗೂಟಕ್ಕೆ ತಗುಲಿಹಾಕಿ ಊಟಕ್ಕೆ ಕೂತಿದ್ದೆವು. ಹುಡುಗಿ ತುತ್ತು ಕೈಯಲ್ಲೇ ಹಿಡಿದು ಪರದೆ ನೋಡುತ್ತಾ ಕೂತುಬಿಟ್ಟಳು. ಪರದೆಯ ಮೇಲೆ ಕೊಡಲಿ ರಿಂಗಿನ ಮೂಲೆಯಲ್ಲಿ ನಿಂತಿದ್ದ. ಎದೆಯ ಮೇಲಿನ ಚುಕ್ಕಿಗಳು ಮೆಲ್ಲಗೆ ಏಳುತ್ತಿದ್ದವು, ಇಳಿಯುತ್ತಿದ್ದವು. ಸೂಟು ಗೂಟದಲ್ಲಿ ಅಲ್ಲಾಡದೆ ನೇತಾಡಿಕೊಂಡಿತ್ತು.

"ಕ್ಯಾಮೆರಾಕ್ಕೆ ಒಂದೊಂದ್ಸಲ ಹೀಗೆ ಭ್ರಮೆ ಆಗತ್ತೆ ಸರ್" ಅಂದಳು. ತುತ್ತನ್ನು ತಟ್ಟೆಗೆ ಇಟ್ಟುಬಿಟ್ಟಳು.

"ಊಟ ಮಾಡು ಮರಿ, ಆರಿಹೋಗತ್ತೆ" ಅಂದೆ.

ನನಗೆ ಹೆದರಿಕೆ ಆಗಲಿಲ್ಲ. ಅವನು ನನಗಾಗಿ ಕಾಯುತ್ತಿದ್ದ, ಅಷ್ಟೇ. ಬೇಗ ಬೇಗ ಕೈ ತೊಳೆದು ಸೂಟು ತೊಟ್ಟುಕೊಂಡೆ.

ಮಾರ್ಚ್ ೨೫, ಮಂಗಳವಾರ

ಇವಳ ಜೊತೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಕೊನೆಯ ಪರೀಕ್ಷೆ. ಈಗ ಎದುರಿಗೆ ಕೂತವರು ಬರೀ ನೆರಳಾಗಿ ಕಾಣುತ್ತಾರಂತೆ. ಕಣ್ಣಿಗೆ ಔಷಧಿ ಹಾಕುವಾಗ ನನ್ನ ಕೈ ಅಮುಕಿದಳು. ಮರುಕ್ಷಣ ಕೈ ಎಳೆದುಕೊಂಡಳು.

"ಏನ್ರೀ ಇದು, ನಾಡಿ ನೋಡೋರ ಥರ?"

"ಯಾವುದು?"

"ಹೆಬ್ಬೆರಳು. ನೋವಾಯ್ತು."

ವಾಪಸು ಬಂದೆವು. ಮನೆಯ ಮೆಟ್ಟಿಲಲ್ಲಿ ನಿಂತು, "ರೀ, ಚಪ್ಪಲಿ ಎಳ್ಕೊಂಡು ನಡೀಬೇಡಿ. ಹಿಂದೆ ಬೇರೆ ಯಾರೋ ಬರ್ತಿದ್ದ ಹಾಗಿರತ್ತೆ" ಅಂದಳು. ಆಮೇಲೆ, "ಲವಂಗ ಯಾವಾಗಿಂದ ತಿಂತೀರಿ?" ಅಂತಲೂ ಕೇಳಿದಳು. ನಾನು ಲವಂಗ ತಿನ್ನುವುದಿಲ್ಲ. ಬಾಯಿ ತೆರೆದು ಉಸಿರು ಬಿಟ್ಟು ತೋರಿಸಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಆಪರೇಷನ್ನಿನ ಭಯ ಹೀಗೆಲ್ಲ ಆಡಿಸುತ್ತದೆ. ಪಾಪ ಅನ್ನಿಸಿತು. ಅವಳಿಗೆ ಧೈರ್ಯ ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ನಿದ್ದೆ ಬಂತು.

ಮಾರ್ಚ್ ೨೮, ಶುಕ್ರವಾರ

ಕಂಪನಿಯವರು ತೀರ್ಮಾನ ಮಾಡಿದ್ದಾರೆ. ಪಾದರಸ ಗೆಲ್ಲಬೇಕು. ಅವನ ಟಿಕೆಟ್ಟು ನಾಳೆಯೂ ಮಾರಾಟವಾಗಬೇಕಲ್ಲ, ಸತ್ತವನದಲ್ಲ. ನನ್ನ ಅನುಭವಕ್ಕೆ ಇದೇನೂ ಹೊಸದಲ್ಲ. ಹುಡುಗಿ, "ಇದಂತೂ ನಿಮಗೆ ನೀರು ಕುಡಿದಷ್ಟು ಸುಲಭ ಸರ್. ಅಂಗಾತ ಮಲಗಿ, ಮೂರು ಎಣಿಸೋವರೆಗೆ ಇರಿ, ಮುಗೀತು" ಅಂದಳು.

ಮಲಗಿದೆ. ಪಾದರಸ ಮೇಲೆ ಬಿದ್ದ. ರೆಫ್ರಿ ನೆಲ ತಟ್ಟಿದ. ಒಂದು. ಎರಡು. ಭುಜ ಎದ್ದಿತು.

ಮತ್ತೆ ಮಾಡಿದೆವು. ಮತ್ತೆ ಎದ್ದಿತು. ಸಂಜೆಯವರೆಗೆ ಅದೇ ಆಯಿತು. ಹುಡುಗಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. "ಸರ್, ನಿಮ್ಮ ಕೆಲಸಾನೇ ಅದಲ್ವಾ?" ಅಂದಳು.

ಎಂಥ ಪ್ರಶ್ನೆ! ಅದು ಚಾಪೆಯ ಕೆಲಸ.

ಮಾರ್ಚ್ ೩೧, ಸೋಮವಾರ

ಹಾಸಿಗೆ ಅಂಗಡಿಗೆ ಹೋಗಿದ್ದೆ. ಗಿರಾಕಿಯ ಮುಂದೆ ಬಿದ್ದು ತೋರಿಸು ಅಂದರು. ನಾನು ನಿಂತೇ ಇದ್ದೆ. ಮಾಲೀಕರು ಬಾಯಿಗೆ ಬಂದಂತೆ ಬೈದರು. ಅವರನ್ನು ಸುಮ್ಮನೆ ನೋಡಿದೆ. ಅವರು ಮಾತು ನಿಲ್ಲಿಸಿ ಗಲ್ಲಾದ ಹಿಂದೆ ಹೋಗಿ ನಿಂತರು. ಇನ್ನು ಆ ಅಂಗಡಿಗೆ ಹೋಗುವುದಿಲ್ಲ.

ಅಕ್ಷರ ದಪ್ಪಗಾಗುತ್ತಿದೆ. ಹಾಳೆ ಬೇಗ ತುಂಬುತ್ತದೆ.

ಏಪ್ರಿಲ್ ೨, ಬುಧವಾರ

ಕೊನೆಯ ದಿನ. ಇವತ್ತೊಂದು ಸಲ ಎಂದು ಕೈಮುಗಿದು ಕೇಳಿಕೊಂಡರು. ಪಾದರಸ ಹಗ್ಗದ ಮೇಲಿಂದ ಹಾರಿದ, ಗಾಳಿಯಲ್ಲಿ ಎರಡು ಸಲ ತಿರುಗಿದ. ಚೆನ್ನಾಗಿ ಹಾರುತ್ತಾನೆ, ಗುಬ್ಬಚ್ಚಿಯೂ ಹಾರುತ್ತದೆ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೆಳಗೆ ಬಂದವನ ಎದೆಗೆ ಅಂಗೈ ಕೊಟ್ಟೆ, ಒಂದೇ ಒಂದು. ಅವನು ಬಿದ್ದು ಏಳಲಿಲ್ಲ. ಕೈ ಚಾಚಿ ನನ್ನ ಬೆರಳು ಹುಡುಕಿ ಅಮುಕಿದ. ಅವನ ಮಣಿಕಟ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಇನ್ನೂ ಮಾಗಿಲ್ಲ.

ಆಂಬುಲೆನ್ಸಿನವರು ಪಕ್ಕೆಲುಬು ಅಂದರು. ಸ್ಟ್ರೆಚರಿನ ಮೇಲೆ ಅಂಗಾತ ಮಲಗಿದ್ದ ಹುಡುಗ ನನ್ನನ್ನು ನೋಡಿ, "ಅಂಕಲ್ ಎಲ್ಲಿ? ಅಂಕಲ್‌ನ ಕರೀರಿ" ಅನ್ನುತ್ತಿದ್ದ. ಯಾವ ಅಂಕಲ್ಲೋ ಏನೋ.

ಇನ್ನು ಬರಬೇಡಿ ಎಂದು ಹುಡುಗಿ ಹೇಳಿದಳು. ಮುಖ ನೋಡಲಿಲ್ಲ. ಕಂಪ್ಯೂಟರಿನ ತಂತಿಯನ್ನೆಲ್ಲ ಗೋಡೆಯಿಂದ ಕಿತ್ತಿದ್ದಳು. ನಾನು ಬಾಗಿಲು ದಾಟುವಾಗ ತಿರುಗಿ ನೋಡಿದೆ. ಪರದೆ ಕಪ್ಪಾಗಿತ್ತು. ರಿಂಗಿನ ಮೂಲೆಯಲ್ಲಿ ಯಾರೂ ಇರಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಆಪರೇಷನ್ ಚೆನ್ನಾಗಿ ಆಯಿತಂತೆ. ನಾಳೆ ಪಟ್ಟಿ ಬಿಚ್ಚುತ್ತಾರೆ.

ಸಿಸ್ಟರು ನನ್ನನ್ನು ಒಳಗೆ ಕರೆದುಕೊಂಡು ಹೋದಳು. "ಅಮ್ಮಾ, ನಿಮ್ಮ ಯಜಮಾನ್ರು ಬಂದ್ರು ನೋಡಿ" ಅಂದು, ಬೇರೆ ಹಾಸಿಗೆ ಕಡೆ ಹೋದಳು. ಬಿಳಿ ಪಟ್ಟಿಯ ಕೆಳಗೆ ಆ ಮುಖ ನಕ್ಕಿತು. ಹೊದಿಕೆಯೊಳಗಿಂದ ಕೈ ಹೊರಬಂದು ತಡಕಾಡಿತು. ನಾನು ಹಿಡಿದುಕೊಂಡೆ. ಸಣ್ಣ ಕೈ, ತಣ್ಣಗಿತ್ತು. ಒಂದು ಸಲ ಅಮುಕಿದಳು.

ಮಣಿಕಟ್ಟನ್ನು ಒತ್ತಿದೆ, ಎರಡು ಸಲ.

ನಗು ನಿಂತಿತು. ಅವಳು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಸೇರಿಸಿದಳು.

"ನೋಡಿ ಇವ್ರೇ, ಸಿಸ್ಟರ್ ಯಾರನ್ನೋ ಯಾರೋ ಅಂದ್ಕೊಂಡಿದ್ದಾರೆ. ಬೇಜಾರು ಮಾಡ್ಕೋಬೇಡಿ."

"ಪರವಾಗಿಲ್ಲ" ಅಂದೆ.

ನನ್ನ ದನಿ ಕೇಳಿ ಮುಖವನ್ನು ಈ ಕಡೆ ತಿರುಗಿಸಿದಳು. "ನಿಮ್ಮ ದನಿ ಎಲ್ಲೋ ಕೇಳಿದ್ದೀನಿ. ತುಂಬಾ ಹಿಂದೆ." ಆಮೇಲೆ ಗೋಡೆಯ ಕಡೆ ಸರಿದು ಮುದುಡಿಕೊಂಡಳು. ಹೆದರಿದ್ದಳು, ಆದರೆ ಮರ್ಯಾದೆ ಬಿಡಲಿಲ್ಲ. ಅಂಥ ಹೆಂಗಸು.

"ನಿಮ್ಮಿಂದ ಒಂದು ಉಪಕಾರ ಆಗಬೇಕಲ್ಲಾ. ನಮ್ಮವರು ಇಲ್ಲೇ ಎಲ್ಲೋ ಇರ್ತಾರೆ. ಸ್ವಲ್ಪ ಕುಳ್ಳು, ಕತ್ತು ಒಂದು ಕಡೆ ವಾಲಿಸ್ಕೊಂಡು ನಡೀತಾರೆ. ಆಸ್ಪತ್ರೆ ಅಂದ್ರೆ ಅವರಿಗೆ ನಂಗಿಂತ ಭಯ, ಬಾಗಿಲಲ್ಲೇ ನಿಂತ್ಬಿಟ್ಟಿರ್ತಾರೆ. ಕಂಡ್ರೆ ಒಳಗೆ ಕಳಿಸಿ. ಕೈ ಹಿಡ್ಕೊಂಡಿರ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಈ ಕತ್ತಲೇಲಿ ಒಬ್ಬಳೇ ಇರೋಕೆ ನಂಗಾಗಲ್ಲ."

"ಕಳಿಸ್ತೀನಿ ಮರಿ" ಅಂದೆ.

ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ ಎಂದು ಬಂದವರನ್ನೆಲ್ಲ ನೋಡುತ್ತಿದ್ದೇನೆ. ಕುಳ್ಳಗಿರುವವರು ಬಂದರು, ಕತ್ತು ವಾಲಿಸಿದವರೂ ಒಬ್ಬಿಬ್ಬರು ಬಂದರು, ಅವನಲ್ಲ. ಒಳಗಿನಿಂದ ಆಗಾಗ ಅವಳು "ರೀ" ಎಂದು ಕರೆಯುವುದು ಕೇಳಿಸುತ್ತದೆ. ನನಗೆ ಸಿಟ್ಟು ಬರುತ್ತಿದೆ. ಇಂಥ ಹೆಂಡತಿಯನ್ನು ಇಂಥ ದಿನ ಒಬ್ಬಳೇ ಬಿಟ್ಟು ಎಲ್ಲಿ ಹಾಳಾಗಿ ಹೋದ? ಇಷ್ಟು ಹೊತ್ತಾಯಿತು, ಚಾಪೆ ಇನ್ನೂ ಬಂದಿಲ್ಲ.